ಕೆಳಗೆ ಬರೆದ ಹೆಸರು: ‘ಸಬ್‌ಸ್ಕ್ರೈಬ್’ ಮತ್ತು ‘ಸಬ್‌ಸ್ಕ್ರಿಪ್ಷನ್’ ಪದಗಳ ಧರ್ಮಸಭಾ ಚರಿತ್ರೆ

ನೈಸಿಯ ಮಹಾಸಭೆಯನ್ನು ಕುರಿತ ಇಂಗ್ಲಿಷ್ ಪಠ್ಯವೊಂದನ್ನು ಕನ್ನಡಕ್ಕೆ ತರಲು ಕೊಟ್ಟಾಗ, ವಿದ್ಯಾರ್ಥಿಯೊಬ್ಬರು ‘ಧರ್ಮಾಧ್ಯಕ್ಷರು ವಿಶ್ವಾಸಪ್ರಮಾಣಕ್ಕೆ ಚಂದಾದಾರರಾದರು’ ಎಂದು ಬರೆದರು. ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ಆ ತಪ್ಪು ನಿರರ್ಥಕವಾದುದಲ್ಲ. ‘ಸಬ್‌ಸ್ಕ್ರೈಬ್’ ಎಂಬ ಕ್ರಿಯಾಪದವೂ ‘ಸಬ್‌ಸ್ಕ್ರಿಪ್ಷನ್’ ಎಂಬ ನಾಮಪದವೂ ಸಿದ್ಧಾಂತವೊಂದಕ್ಕೆ ಸಹಿ ಹಾಕುವುದನ್ನೂ ಪತ್ರಿಕೆಗೆ ಹಣ ಕಟ್ಟುವುದನ್ನೂ ಸೂಚಿಸುತ್ತವೆ. ಒಂದೇ ಮಾತು ವಿಶ್ವಾಸಕ್ಕೂ ಹಣಕ್ಕೂ ಸಲ್ಲುವುದಾದುದು ಹೇಗೆ, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದೇ ಇಲ್ಲಿಯ ವಿಚಾರ.

ಎರಡು ಪದಗಳ ಮೂಲವೂ ಲ್ಯಾಟಿನ್ ಭಾಷೆಯ ‘ಸುಬ್‌ಸ್ಕ್ರೀಬೆರೆ’. ‘ಸುಬ್’ ಎಂದರೆ ಕೆಳಗೆ, ‘ಸ್ಕ್ರೀಬೆರೆ’ ಎಂದರೆ ಬರೆಯುವುದು. ಮೇಲಿರುವ ಬರಹ ಇನ್ನೊಬ್ಬರದಾಗಿರಬಹುದು. ಅದರ ಕೆಳಗೆ ಹೆಸರನ್ನು ಬರೆದವನು ಆ ಬರಹವನ್ನು ತನ್ನದಾಗಿಸಿಕೊಳ್ಳುತ್ತಾನೆ. ಈ ರೂಢಿ ನಮ್ಮ ನಾಡಿಗೆ ಹೊಸತಲ್ಲ. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಪಾಠವು ನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ಕನ್ನಡ ಲಿಪಿಯಲ್ಲಿರುವುದನ್ನು ಕಾಣುತ್ತೇವೆ. ‘ಒಪ್ಪ’ ಎಂಬ ಈ ಹಳೆಯ ಮಾತು ಒಪ್ಪಿಗೆಯೊಡನೆ ಹೊಂದಿಕೊಂಡಿದೆ. ಈಗ ರೂಢಿಯಲ್ಲಿರುವ ‘ಸಹಿ’ಯ ಅರಬ್ಬೀ ಮೂಲಕ್ಕೆ ‘ಸರಿಯಾದುದು’ ಎಂಬ ಅರ್ಥವಿದೆ.

ಸಂತ ಪೌಲರು ತಮ್ಮ ಪತ್ರಗಳನ್ನು ಹೇಳಿ ಬರೆಯಿಸುತ್ತಿದ್ದರು. ಕೊನೆಗೆ ಲೇಖನಿಯನ್ನು ತಾವೇ ತೆಗೆದುಕೊಂಡು ವಂದನೆಯನ್ನು ಸ್ವಹಸ್ತದಿಂದ ಬರೆಯುತ್ತಿದ್ದರು. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದ ಅಂತ್ಯದಲ್ಲಿ (3:17) ಇದನ್ನೇ ತಮ್ಮ ಗುರುತೆಂದು ತಿಳಿಸಲಾಗಿದೆ. ಇದಕ್ಕಿಂತಲೂ ಗಮನಾರ್ಹವಾದುದು ಫಿಲೆಮೋನನಿಗೆ ಬರೆದ ಪತ್ರದ 19ನೆಯ ವಚನ. ಒನೇಸಿಮನು ಉಂಟುಮಾಡಿದ ನಷ್ಟವೇನಾದರೂ ಇದ್ದರೆ ಅದನ್ನು ತಾವೇ ತೀರಿಸುವುದಾಗಿ ಪೌಲರು ಅಲ್ಲಿ ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಅದು ಸಾಲಪತ್ರಕ್ಕೆ ಹಾಕಿದ ಸಹಿ. ದಾಸನೊಬ್ಬನನ್ನು ಸಹೋದರನೆಂದು ಸ್ವೀಕರಿಸಬೇಕೆಂಬ ವಿಶ್ವಾಸದ ಮಾತಿಗೂ ಅದೇ ಸಹಿ. ಮುಂದೆ ಬೇರೆಬೇರೆಯಾದ ಎರಡು ಅರ್ಥಗಳು ಈ ಒಂದು ವಾಕ್ಯದಲ್ಲಿ ಕೂಡಿಯೇ ಇವೆ.

325ರ ನೈಸಿಯ ಮಹಾಸಭೆಯಲ್ಲಿ ಸಹಿಯು ವಿಶ್ವಾಸದ ಒರೆಗಲ್ಲಾಯಿತು. ಲಿಬಿಯದ ಧರ್ಮಾಧ್ಯಕ್ಷರಾದ ಥೆಯೋನಾಸ್ ಮತ್ತು ಸೆಕುಂದುಸ್ ಸಹಿ ಹಾಕಲೊಪ್ಪದೆ ಏರಿಯಸನೊಡನೆ ಗಡೀಪಾರಾದರು. ಸಿಸೇರಿಯದ ಯುಸೇಬಿಯಸರು ಸಹಿ ಹಾಕಿದರು. ಆದರೆ ವಿವಾದಕ್ಕೊಳಗಾದ ಪದಗಳನ್ನು ತಾವು ಯಾವ ಅರ್ಥದಲ್ಲಿ ಒಪ್ಪಿದೆವೆಂಬುದನ್ನು ವಿವರಿಸಿ ತಮ್ಮ ಸಭೆಗೆ ಪತ್ರ ಬರೆದರು. ಸಹಿ ಒಂದೇ ಆದರೂ ಸಹಿ ಹಾಕಿದವರ ಮನಸ್ಸಿನಲ್ಲಿರುವ ಅರ್ಥ ಒಂದೇ ಆಗಿರಬೇಕೆ ಎಂಬ ಪ್ರಶ್ನೆ ಅಂದೇ ಹುಟ್ಟಿತು.

451ರ ಕಲ್ಸೆದೋನ್ ಮಹಾಸಭೆ ಈ ಪ್ರಶ್ನೆಯ ಇನ್ನೆರಡು ಮುಖಗಳನ್ನು ತೋರಿಸಿತು. 449ರಲ್ಲಿ ಎಫೆಸದಲ್ಲಿ ನಡೆದ ಸಭೆಯಲ್ಲಿ ಬಲಾತ್ಕಾರದಿಂದ ತಮ್ಮಿಂದ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿಕೊಳ್ಳಲಾಯಿತೆಂದು ಹಲವು ಧರ್ಮಾಧ್ಯಕ್ಷರು ಅಲ್ಲಿ ದೂರಿಕೊಂಡರು. ಮೇಲೆ ಬರಹವೇ ಇಲ್ಲದಿರುವಾಗ ಕೆಳಗೆ ಬರೆದ ಹೆಸರಿಗೆ ಅರ್ಥವೇನು? ಅದೇ ಮಹಾಸಭೆಯಲ್ಲಿ ಐಗುಪ್ತದ 13 ಧರ್ಮಾಧ್ಯಕ್ಷರು ಜಗದ್ಗುರು ಲಿಯೋರವರ ಪತ್ರಕ್ಕೆ ಸಹಿ ಹಾಕಲು ಹಿಂಜರಿದರು. ತಮ್ಮ ಮಹಾಧರ್ಮಾಧ್ಯಕ್ಷರಿಲ್ಲದೆ ಏನನ್ನೂ ಮಾಡುವ ಪದ್ಧತಿ ತಮ್ಮಲ್ಲಿಲ್ಲವೆಂದೂ, ಸಹಿ ಹಾಕಿ ಊರಿಗೆ ಮರಳಿದರೆ ಪ್ರಾಣ ಉಳಿಯದೆಂದೂ ಬಿನ್ನವಿಸಿಕೊಂಡರು. ಸಭೆಯಲ್ಲಿ ಅನೇಕರು ಅವರ ಮೇಲೆ ಸಿಟ್ಟಾದರೂ, ಹೊಸ ಮಹಾಧರ್ಮಾಧ್ಯಕ್ಷರ ಆಯ್ಕೆಯಾಗುವವರೆಗೆ ಅವರು ಕಾನ್‌ಸ್ಟಾಂಟಿನೋಪಲಿನಲ್ಲೇ ಇದ್ದು ಕಾಯಬಹುದೆಂದು ಕೊನೆಗೆ ತೀರ್ಮಾನವಾಯಿತು. ಸಹಿಗೆ ಕಾಲಾವಕಾಶ ಕೊಟ್ಟ ಈ ನಿರ್ಣಯವನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ.

ಇಂಗ್ಲಿಷ್ ಪದಕ್ಕೆ ಅದರ ವಿಶೇಷ ಭಾರ ಬಂದುದು ಇಂಗ್ಲೆಂಡಿನ ಸುಧಾರಣಾ ಕಾಲದಲ್ಲಿ. 1571ರ ಕಾಯಿದೆಯು ಧರ್ಮಸೇವಕರು ಮೂವತ್ತೊಂಬತ್ತು ವಿಧಿಗಳಿಗೆ ‘ಸಬ್‌ಸ್ಕ್ರೈಬ್’ ಮಾಡಬೇಕೆಂದಿತು. 1581ರಿಂದ ಆಕ್ಸ್‌ಫರ್ಡಿಗೆ ಸೇರುವ ವಿದ್ಯಾರ್ಥಿಗಳಿಗೂ ಈ ನಿಯಮ ಬಂತು. ಹದಿಹರೆಯದ ಹುಡುಗರು ದೈವಶಾಸ್ತ್ರವನ್ನು ಓದುವ ಮೊದಲೇ ಅದಕ್ಕೆ ಸಹಿ ಹಾಕುವಂತಾಯಿತು. ‘ಸಬ್‌ಸ್ಕ್ರಿಪ್ಷನ್’ ಎಂದರೆ ಆ ಕಾಲದ ವಾದಗ್ರಂಥಗಳಲ್ಲಿ ಮುಖ್ಯವಾಗಿ ಈ ಸಹಿಯೇ. ಇದನ್ನು ಸಡಿಲಿಸಬೇಕೆಂದು ಕೆಲವು ಧರ್ಮಸೇವಕರು ಮತ್ತು ಗೃಹಸ್ಥರು 1772ರಲ್ಲಿ ಸಲ್ಲಿಸಿದ ಮನವಿಯನ್ನು ಪಾರ್ಲಿಮೆಂಟು 217 ಮತಗಳಿಗೆ 71 ಮತಗಳಿಂದ ತಳ್ಳಿಹಾಕಿತು. 1841ರಲ್ಲಿ ಜಾನ್ ಹೆನ್ರಿ ನ್ಯೂಮನ್‌ರವರು ತಮ್ಮ 90ನೆಯ ಕಿರುಹೊತ್ತಗೆಯಲ್ಲಿ ಆ ವಿಧಿಗಳನ್ನು ಕಥೋಲಿಕ ಅರ್ಥದಲ್ಲಿ ಓದಬಹುದೆಂದು ವಾದಿಸಿದಾಗ ದೊಡ್ಡ ಕೋಲಾಹಲವೆದ್ದಿತು. ಯುಸೇಬಿಯಸರ ಪತ್ರದಿಂದ ಎದ್ದ ಪ್ರಶ್ನೆಯೇ ಅಲ್ಲಿ ಮತ್ತೆ ಎದ್ದಿತ್ತು. ನಾಲ್ಕು ವರ್ಷಗಳ ಬಳಿಕ ನ್ಯೂಮನ್‌ರವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1865ರ ಕಾಯಿದೆ ಧರ್ಮಸೇವಕರ ಸಹಿಯ ಮಾತುಗಳನ್ನು ಸಡಿಲಿಸಿತು.

ಹಣದ ಅರ್ಥವು ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. ದುಬಾರಿ ಗ್ರಂಥವೊಂದನ್ನು ಅಚ್ಚುಹಾಕಿಸಲು ಮುಂಗಡ ಕೊಡುವೆವೆಂದು ಓದುಗರು ಒಂದು ಪಟ್ಟಿಯ ಕೆಳಗೆ ಹೆಸರು ಬರೆಯುತ್ತಿದ್ದರು. ಬ್ರಯನ್ ವಾಲ್ಟನ್ 1657ರಲ್ಲಿ ಪೂರ್ಣಗೊಳಿಸಿದ ಆರು ಸಂಪುಟಗಳ ಬಹುಭಾಷಾ ಬೈಬಲ್ ಇಂಗ್ಲೆಂಡಿನಲ್ಲಿ ಹೀಗೆ ಹೊರಬಂದ ಮೊದಲ ಗ್ರಂಥಗಳಲ್ಲೊಂದು. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ ವಿಲಿಯಂ ಕೇರಿ ಮತ್ತು ಅವರ ಸಂಗಡಿಗರು ಮಿಷನ್ ಸಂಘವನ್ನು ಸ್ಥಾಪಿಸಿದಾಗ ಬರೆದುಕೊಟ್ಟ ಮೊತ್ತ 13 ಪೌಂಡು 2 ಷಿಲಿಂಗು 6 ಪೆನ್ಸ್ ಮಾತ್ರ. ಕಥೋಲಿಕರಲ್ಲಿ 1822ರಲ್ಲಿ ಲಿಯೋನ್ ನಗರದಲ್ಲಿ ಧರ್ಮಪ್ರಸಾರ ಸಂಘವು ಸ್ಥಾಪನೆಯಾಯಿತು. ಅದರ ಹಿಂದೆ ಪೊಲೀನ್ ಜಾರಿಕೋರವರು ರೂಪಿಸಿದ ಪದ್ಧತಿಯಿತ್ತು: ಹತ್ತು ಹತ್ತು ಜನರ ಗುಂಪು, ಒಬ್ಬೊಬ್ಬರಿಂದ ವಾರಕ್ಕೊಂದು ಸೂ ನಾಣ್ಯ. ಬಡ ಕೆಲಸಗಾರರ ಆ ಪುಡಿಗಾಸು ದೂರದ ಮಿಷನ್ ಕ್ಷೇತ್ರಗಳನ್ನು ಪೋಷಿಸಿತು. ಕೊಟ್ಟವರಿಗೆ ತಾವು ವಿಶ್ವಾಸವನ್ನೇ ಒಪ್ಪಿಕೊಳ್ಳುತ್ತಿದ್ದೇವೆಂಬ ಅರಿವಿತ್ತು.

ಕನ್ನಡವು ಈ ಎರಡು ಅರ್ಥಗಳಿಗೆ ಎರಡು ಮಾತುಗಳನ್ನು ಇಟ್ಟುಕೊಂಡಿದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್‌ರವರ ‘ಮಂಗಳೂರ ಸಮಾಚಾರ’ದಿಂದ ಆರಂಭವಾದ ನಮ್ಮ ಪತ್ರಿಕಾಲೋಕದಲ್ಲಿ ನೆಲೆನಿಂತ ಮಾತು ಪಾರಸಿ ಮೂಲದ ‘ಚಂದಾ’. ಅದರಲ್ಲಿ ಹಣವಿದೆ, ಬರೆಯುವ ಕೈಯಿಲ್ಲ. ‘ಸಹಿ’ಯಲ್ಲಿ ಕೈಯಿದೆ, ಕೊಡುವ ಹಣವಿಲ್ಲ. ಸ್ಪಷ್ಟತೆಗೆ ಇದು ಅನುಕೂಲವೇ. ಆದರೆ ನಂಬಿದವನು ಕೊಡಬೇಕು, ಕೊಟ್ಟವನು ತಾನು ಯಾವುದಕ್ಕೆ ಕೊಟ್ಟೆನೆಂದು ತಿಳಿದಿರಬೇಕು ಎಂಬ ನಂಟು ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಂದು ಮೊಬೈಲಿನ ಪರದೆಯ ಮೇಲೆ ಅದೇ ಇಂಗ್ಲಿಷ್ ಪದವನ್ನು ಬೆರಳಿನಿಂದ ಒತ್ತಿ, ಕೆಳಗಿನ ಷರತ್ತುಗಳನ್ನು ಓದದೆಯೇ ಒಪ್ಪುತ್ತೇವೆ. ಎಫೆಸದ ಖಾಲಿ ಹಾಳೆಯನ್ನು ಬಲಾತ್ಕಾರವಿಲ್ಲದೆಯೇ ಮತ್ತೆ ಕೈಗೆತ್ತಿಕೊಂಡಂತೆ ಇದು.

ಧರ್ಮಸಭೆಯ ಕಾನೂನಿನ 833ನೆಯ ವಿಧಿಯಂತೆ ಸೇವಾದರ್ಶಿ ದೀಕ್ಷೆ ಪಡೆಯುವವರೂ ಗುರುಮಠದಲ್ಲಿ ದೈವಶಾಸ್ತ್ರ ಬೋಧಿಸುವವರೂ ವಿಶ್ವಾಸಪ್ರಮಾಣವನ್ನು ಮಾಡತಕ್ಕದ್ದು. ನಾವೂ ಅದನ್ನು ಓದಿ, ಕೆಳಗೆ ಹೆಸರು ಬರೆದವರು. ಆ ಹೆಸರು ವರ್ಷಗಳಿಂದ ಕಡತದಲ್ಲಿ ಉಳಿದಿದೆ. ಮೇಲಿನ ಬರಹವನ್ನು ನಾವು ಎಷ್ಟು ಸಲ ಮತ್ತೆ ಓದಿದ್ದೇವೆ? ಪೌಲರು ಒನೇಸಿಮನ ಸಾಲವನ್ನು ಹೊತ್ತಂತೆ ಅದಕ್ಕಾಗಿ ಯಾರ ಭಾರವನ್ನು ಹೊತ್ತಿದ್ದೇವೆ? ಆ ವಿದ್ಯಾರ್ಥಿಯ ವಾಕ್ಯವನ್ನು ನಾವು ತಿದ್ದಿದೆವು; ‘ಸಹಿ ಹಾಕಿದರು’ ಎಂದೇ ಆಗಬೇಕು. ಆದರೂ ವಿಶ್ವಾಸಕ್ಕೆ ಚಂದಾದಾರರಾಗುವುದೆಂದರೆ ಕೊಡುತ್ತಲೇ ಇರಬೇಕಾದ ಬಾಧ್ಯತೆ ಎಂಬುದನ್ನು ಆ ತಪ್ಪೇ ನಮಗೆ ನೆನಪಿಸಿತು.