ಮರಗಾಲಿನ ಯಾತ್ರಿಕ, ನಡೆಯುವ ಯಂತ್ರ

ಯುಗಾದಿ ಹತ್ತಿರವಾದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರಸ್ತೆಗಳಲ್ಲಿ ಶ್ರೀಶೈಲ ಮಲ್ಲಯ್ಯನ ಕಡೆಗೆ ನಡೆದು ಹೊರಟವರ ಸಾಲು ಕಾಣಿಸುತ್ತದೆ. ಸುಡುವ ಬಿಸಿಲು, ಕಾದ ಡಾಂಬರು, ಕೊನೆಗೆ ನಲ್ಲಮಲ ಕಾಡಿನಲ್ಲಿ ಭೀಮನಕೊಳ್ಳದ ಕಡಿದಾದ ದಾರಿ. ಉತ್ತರ ಕರ್ನಾಟಕದ ಈ ಯಾತ್ರಿಕರ ನಡುವೆ ಮರಗಾಲು ಕಟ್ಟಿಕೊಂಡು ಹರಕೆ ತೀರಿಸುವವರೂ ಇರುತ್ತಾರೆ. ಅಂಥವರನ್ನು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಅವರಿಗೆ ನಡೆಯುವುದಕ್ಕಿಂತ ನಿಲ್ಲುವುದೇ ಕಷ್ಟ. ಜೊತೆಯವರು ಚಹಾಕ್ಕೆ ನಿಂತರೆ ಮರಗಾಲಿನವನು ನಿಂತಲ್ಲೇ ಹೆಜ್ಜೆ ಬದಲಿಸುತ್ತಿರಬೇಕು, ಇಲ್ಲವೇ ಗೋಡೆಗೋ ಗಿಡಕ್ಕೋ ಆತುಕೊಳ್ಳಬೇಕು.

ಕಾರಣ ಸರಳ. ಬರಿಗಾಲಲ್ಲಿ ನಿಂತವನ ದೇಹ ಮುಂದಕ್ಕೆ ವಾಲಿದೊಡನೆ ಪಾದದ ಕೀಲು ಅವನಿಗೇ ಅರಿವಾಗದಂತೆ ಭಾರವನ್ನು ಹಿಮ್ಮಡಿಯಿಂದ ಬೆರಳುಗಳಿಗೆ ಸಾಗಿಸಿ ಬೀಳದಂತೆ ತಡೆಯುತ್ತದೆ. ಮರಗಾಲಿನ ತುದಿಗೆ ಪಾದವೇ ಇಲ್ಲ. ಆದ್ದರಿಂದ ವಾಲಿದ ಕಡೆಗೆ ಕಾಲಿಡುವುದೊಂದೇ ಉಪಾಯ. ನಿಜ ಹೇಳಬೇಕೆಂದರೆ ನಮ್ಮೆಲ್ಲರ ನಡಿಗೆಯೂ ಇಷ್ಟೇ: ಮುಂದಕ್ಕೆ ಬೀಳುವುದು, ಬೀಳುವಷ್ಟರಲ್ಲಿ ಕಾಲು ಕೊಡುವುದು.

ಯಂತ್ರಮಾನವನನ್ನು ನಡೆಸಹೊರಟವರು ಮೊದಲು ಈ ಬೀಳುವಿಕೆಗೇ ಅಂಜಿದರು. ಜಪಾನಿನ ಹೋಂಡಾ ಕಂಪನಿ 1986ರಲ್ಲಿ ಮಾಡಿದ ಎರಡು ಕಾಲಿನ ಯಂತ್ರ ಇಡೀ ಭಾರವನ್ನು ಒಂದು ಪಾದದ ಮೇಲೆ ತಂದುಕೊಂಡ ಮೇಲೆಯೇ ಇನ್ನೊಂದನ್ನು ಎತ್ತುತ್ತಿತ್ತು. ಒಂದು ಹೆಜ್ಜೆಗೆ ಸುಮಾರು 5 ಸೆಕೆಂಡು! ನೆಲದ ಒತ್ತು ಅಂಗಾಲಿನ ಅಂಚು ದಾಟದಂತೆ ಲೆಕ್ಕವಿಡುವ ಬಗೆಯನ್ನು ಯುಗೊಸ್ಲಾವಿಯದ ಮಿಯೊಮಿರ್ ವುಕೊಬ್ರಾಟೊವಿಚ್ ಅದಕ್ಕೆ ಮುಂಚೆಯೇ ತೋರಿಸಿದ್ದರು. ಆ ಲೆಕ್ಕದ ಬಲದಿಂದ 2000ದಲ್ಲಿ ಬಂದ ಹೋಂಡಾದ ಅಸಿಮೊ ಸರಾಗವಾಗಿ ನಡೆಯಿತು, ಆದರೆ ಮಂಡಿ ಮಡಚಿಕೊಂಡು, ಕೂರಲು ಜಾಗ ಹುಡುಕುವವನ ಹಾಗೆ.

ಮರಗಾಲಿನವನ ದಾರಿ ಹಿಡಿದವರು ಅಮೆರಿಕದ ಮಾರ್ಕ್ ರೈಬರ್ಟ್. 1980ರ ದಶಕದಲ್ಲಿ ಅವರು ಮಾಡಿದ ಒಂಟಿ ಕಾಲಿನ ಯಂತ್ರಕ್ಕೆ ನಿಲ್ಲಲು ಬರುತ್ತಲೇ ಇರಲಿಲ್ಲ. ಅದು ಕುಪ್ಪಳಿಸುತ್ತಲೇ ಇರಬೇಕಿತ್ತು, ಮುಂದಿನ ಸಲ ಕಾಲೂರುವ ಜಾಗವನ್ನು ಸರಿಯಾಗಿ ಆರಿಸುವುದರಿಂದಲೇ ಅದರ ಸಮತೋಲ.

ಇದು ಬರಿಯ ಆಟವಲ್ಲ. 2011ರ ಫುಕುಶಿಮಾ ಅಣುಸ್ಥಾವರ ದುರಂತದಲ್ಲಿ, ಮನುಷ್ಯ ಹೋಗಲಾಗದ ಕಡೆ ಮೆಟ್ಟಿಲು ಹತ್ತಿ, ಅವಶೇಷ ದಾಟಿ, ಅವನ ಕೆಲಸ ಮಾಡಬಲ್ಲ ಯಂತ್ರ ಬೇಕಾಗಿತ್ತು. ಅದರ ಫಲವಾಗಿ 2015ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಪರ್ಧೆ ನಡೆದಾಗ ಒಂದರ ಹಿಂದೊಂದು ಯಂತ್ರಗಳು ಮುಗ್ಗರಿಸಿದವು. ಗೆದ್ದ ಕೊರಿಯದ ಹ್ಯೂಬೊ ಸಮತಟ್ಟು ನೆಲದಲ್ಲಿ ಮಂಡಿಯೂರಿ ಗಾಲಿಯ ಮೇಲೆ ಉರುಳಿತ್ತು! ಬೆಂಗಳೂರಿನಲ್ಲಿ 2020ರಲ್ಲಿ ಇಸ್ರೊ ತೋರಿಸಿದ ವ್ಯೋಮಮಿತ್ರಳಿಗಂತೂ ಕಾಲುಗಳೇ ಇಲ್ಲ. ತೂಕವೇ ತಿಳಿಯದ ಅಂತರಿಕ್ಷದಲ್ಲಿ ಅವಳಿಗೆ ಅವು ಬೇಕಾಗಿಯೂ ಇಲ್ಲ.

2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಯಂತ್ರಮಾನವರು 21 ಕಿಲೋಮೀಟರ್ ಓಡಿದರು. ಗೆದ್ದ ಟಿಯಾಂಗಾಂಗ್‌ಗೆ 2 ಗಂಟೆ 40 ನಿಮಿಷ ಹಿಡಿಯಿತು. ನಡುವೆ ಮೂರು ಸಲ ಬ್ಯಾಟರಿ ಬದಲಿಸಬೇಕಾಯಿತು, ಒಮ್ಮೆ ಅದು ಬಿದ್ದೂ ಬಿಟ್ಟಿತು. ಮರಗಾಲಿನವನ ಪಕ್ಕದಲ್ಲಿ ಜೊತೆಗಾರರು ನಡೆಯುವಂತೆ, ಯಂತ್ರಗಳ ಪಕ್ಕದಲ್ಲೂ ಅವುಗಳನ್ನು ಮಾಡಿದವರು ಓಡುತ್ತಿದ್ದರು.