ಕೋಳಿಯ ಕಾಲಿನ ಕಥೆ

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಕೋಳಿ ಕಾಲಿನ ಪುರಾಣ ಯಾಕೆ ಅಂತೀರಾ? ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಇಲ್ಲದ ಮನೆ ನಮ್ಮಲ್ಲಿ ಕಮ್ಮಿ. ಶೆಡ್ಡು ಕಟ್ಟಿ ಬ್ರಾಯ್ಲರ್ ಸಾಕುವ ಸದಸ್ಯರೂ ಇದ್ದಾರೆ. ನಾಟಿ ಹುಂಜದ ಎಲುಬಿಗೆ ಹಲ್ಲು ಸಾಲದು, ಫಾರಂ ಕೋಳಿಯದು ಬಾಯಲ್ಲೇ ಪುಡಿಯಾಗುತ್ತೆ ಎಂಬುದು ಊಟಕ್ಕೆ ಕೂತವರಿಗೆಲ್ಲ ಗೊತ್ತು. ಇದರಲ್ಲಿ ವಯಸ್ಸಿನ ಪಾಲೂ ಉಂಟು. ನಾಟಿ ಕೋಳಿಯನ್ನು ನಾವು ಕೊಯ್ಯುವುದೇ ಬಲಿತ ಮೇಲೆ. ಆದರೆ ವಯಸ್ಸೊಂದೇ ಅಲ್ಲ.

ಮರಿಗಳ ಕಾಲು ಸೋಲುವುದಕ್ಕೆ ಮೊದಲು ಸಿಕ್ಕ ಕಾರಣಗಳೆಲ್ಲ ಸಾಕಣೆಯಲ್ಲೇ ಇದ್ದವು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾರ್ಟ್, ಸ್ಟೀನ್‌ಬಾಕ್ ಮತ್ತು ಜೊತೆಗಾರರು 1920ರ ದಶಕದ ಆರಂಭದಲ್ಲಿ, ಒಳಗೇ ಬೆಳೆದ ಮರಿಗಳಿಗೆ ಬಿಸಿಲು ತಾಗಿದರೆ ಕಾಲು ನೆಟ್ಟಗಾಗುತ್ತದೆಂದು ತೋರಿಸಿದರು. ಬಿಸಿಲಿನಿಂದ ಮೈಯಲ್ಲಿ ಹುಟ್ಟುವ ಡಿ ಜೀವಸತ್ವವೇ ಅದರ ಗುಟ್ಟು. 1936ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಮ್ಯಾಂಗನೀಸ್ ಕೊರತೆಯಿಂದಲೂ ಕಾಲು ತಿರುಚುವುದನ್ನು ಕಂಡುಹಿಡಿದರು. ಮೇವು ಸರಿಮಾಡಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಕೋಳಿಯೇ ಬದಲಾಗತೊಡಗಿತ್ತು. 1948ರಲ್ಲಿ ಅಮೆರಿಕದಲ್ಲಿ 'ನಾಳಿನ ಕೋಳಿ' ಎಂಬ ಸ್ಪರ್ಧೆಯ ರಾಷ್ಟ್ರೀಯ ಸುತ್ತು ನಡೆಯಿತು. ಎದೆ, ತೊಡೆ ತುಂಬಿಕೊಂಡು ಬೇಗ ಬೆಳೆಯುವ ತಳಿ ಬೇಕಿತ್ತು. ಸಿಕ್ಕಿತು ಕೂಡ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 1957ರ ತಳಿ, 2005ರ ತಳಿ ಎರಡಕ್ಕೂ ಒಂದೇ ಮೇವು ಹಾಕಿ ಸಾಕಿ 2014ರಲ್ಲಿ ಲೆಕ್ಕ ಪ್ರಕಟಿಸಿದರು. 56 ದಿನಕ್ಕೆ ಹಳೆಯದು 905 ಗ್ರಾಂ, ಹೊಸದು 4,202 ಗ್ರಾಂ!

ಇಷ್ಟು ಭಾರ ಹೊರುವ ಎಲುಬು ಹೇಗಿರುತ್ತೆ? ದಪ್ಪವಾಗೇ ಇರುತ್ತೆ, ಆದರೆ ಟೊಳ್ಳು ಟೊಳ್ಳು. ಎಲುಬು ಬೆಳೆಯುವುದು ನಾವು ಕಲ್ಲುಗೋಡೆ ಕಟ್ಟಿದ ಹಾಗೆ. ಮೊದಲು ಕಲ್ಲು ಪೇರಿಸೋದು, ಆಮೇಲೆ ಸಂದಿಗೆ ಗಾರೆ ತುಂಬೋದು. ಬೇಗ ಬೆಳೆಯುವ ಕೋಳಿಯಲ್ಲಿ ಗೋಡೆ ಹೊರಕ್ಕೆ ಏರುತ್ತಲೇ ಹೋಗುತ್ತದೆ, ಗಾರೆ ಹಿಂದೆ ಬೀಳುತ್ತದೆ. ಸ್ಕಾಟ್ಲೆಂಡಿನ ವಿಲಿಯಮ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಕೋಳಿಗಳ ಕಾಲೆಲುಬಿನಲ್ಲಿ ರಂಧ್ರಗಳು ಹೆಚ್ಚು, ಖನಿಜ ಕಮ್ಮಿ ಕಂಡಿತು. ಅದೇ ತಳಿಗೆ ಮೇವು ಅಳೆದು ಕೊಟ್ಟು ಬೆಳವಣಿಗೆ ತಡೆದಾಗ ಎಲುಬು ಸುಧಾರಿಸಿತು. ಅಂದರೆ ತಪ್ಪು ಮೇವಿನದಷ್ಟೇ ಅಲ್ಲ, ಅವಸರದ್ದು.

ಬ್ರಿಟನ್ನಿನಲ್ಲಿ 51,000 ಬ್ರಾಯ್ಲರ್ ಕೋಳಿಗಳ ನಡಿಗೆ ನೋಡಿ 2008ರಲ್ಲಿ ಬರೆದ ವರದಿಯಂತೆ, ಸುಮಾರು 40 ದಿನದ ವಯಸ್ಸಿಗೆ ನೂರಕ್ಕೆ 27.6 ಕೋಳಿಗಳ ನಡಿಗೆ ಕೆಟ್ಟಿತ್ತು, 3.3ರಷ್ಟಕ್ಕೆ ನಡೆಯುವುದೇ ದುಸ್ತರ. ಏಳಲಾಗದ ಕೋಳಿ ಮೇವು, ನೀರಿನ ಹತ್ತಿರ ಹೋಗೋದು ಹೇಗೆ? ಆ ಪ್ರಾಣಿಗೆ ಸಂಕಟ, ಸಾಕಿದವನಿಗೆ ನಷ್ಟ.

ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿ ಈ ಓಟಕ್ಕೆ ನಿಂತಿದ್ದಲ್ಲ. ಹಿತ್ತಲಲ್ಲಿ ಕೆದಕಿ ತಿಂದು, ಮೊಟ್ಟೆ, ಮಾಂಸ ಎರಡೂ ಕೊಡಲೆಂದು ಬಂದದ್ದು. ಬ್ರಾಯ್ಲರ್ ಬಿಡಲಾಗದವರಿಗೆ ಆ ಬ್ರಿಟಿಷ್ ವರದಿಯಲ್ಲೇ ಇನ್ನೊಂದು ಮಾತಿದೆ. ರಾತ್ರಿ ಹೆಚ್ಚು ಹೊತ್ತು ಕತ್ತಲೆ ಸಿಕ್ಕ ಶೆಡ್ಡುಗಳಲ್ಲಿ, ಕಿಕ್ಕಿರಿದು ತುಂಬದ ಕಡೆಗಳಲ್ಲಿ ಕೋಳಿಗಳ ನಡಿಗೆ ಚೆನ್ನಾಗಿತ್ತು. ಬಲ್ಬು ಆರಿಸಲು ಖರ್ಚಂತೂ ಇಲ್ಲ.