ಕಾಲು ಸೋಲುವ ಮುನ್ನ ಗಾಲಿಯ ಲೆಕ್ಕ

ಸ್ಪೇನ್ ದೇಶದ ದೊರೆ ಎರಡನೇ ಫಿಲಿಪ್ 1598ರ ಜೂನ್ ಕೊನೆಯಲ್ಲಿ ಮ್ಯಾಡ್ರಿಡ್ ಬಿಟ್ಟು ಎಸ್ಕೋರಿಯಲ್ ಅರಮನೆಗೆ ಹೊರಟ. ದೂರ ಸುಮಾರು 50 ಕಿಲೋಮೀಟರ್. ಆದರೆ ಆ ದಾರಿ ಸವೆಸಲು ಆರು ದಿನ ಹಿಡಿಯಿತು. ಗೌಟ್ ಎಂಬ ಸಂಧಿವಾತ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದು ಆತನ ಕೀಲುಗಳನ್ನೆಲ್ಲ ಬಿಗಿದುಹಾಕಿತ್ತು. ಅರ್ಧ ಜಗತ್ತನ್ನು ಆಳಿದ ದೊರೆಯನ್ನು ಆಳುಗಳು ಹೊತ್ತು ಸಾಗಿಸಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಆತ ಎಸ್ಕೋರಿಯಲ್‌ನಲ್ಲಿಯೇ ತೀರಿಕೊಂಡ.

ಫಿಲಿಪ್‌ನ ಕೊನೆಗಾಲದ ಕುರ್ಚಿಯೊಂದರ ಚಿತ್ರವನ್ನು ಆಸ್ಥಾನಿಕ ಜೆಹಾನ್ ಲೆರ್ಮಿಟ್ ಬರೆದಿಟ್ಟಿದ್ದಾನೆ. 1595ರ ಸುಮಾರಿನ ಆ ಕುರ್ಚಿಯ ಕಾಲುಗಳಿಗೆ ಪುಟ್ಟ ಗಾಲಿಗಳಿದ್ದವು. ಬೆನ್ನಿನ ಹಲಗೆಯನ್ನು ಹಿಂದಕ್ಕೆ ಬಾಗಿಸಬಹುದಿತ್ತು, ಪಾದದ ಹಲಗೆಯನ್ನು ಮೇಲೆತ್ತಬಹುದಿತ್ತು. ನೋವು ಹೆಚ್ಚಾದಾಗ ದೊರೆ ಕುಳಿತಲ್ಲಿಂದಲೇ ಮಲಗುವ ಭಂಗಿಗೆ ಬರಬಹುದಿತ್ತು. ಇಂದು ಒಳ್ಳೆಯ ಗಾಲಿಕುರ್ಚಿಗಳಲ್ಲಿ ಕಾಣುವ ಸೌಕರ್ಯವೇ ಇದು. ಕುಳಿತವನು ತಾನಾಗಿ ಅದನ್ನು ಚಲಿಸುವಂತಿರಲಿಲ್ಲ ಎಂಬುದಷ್ಟೇ ಕೊರತೆ.

ಆ ಕೊರತೆಯನ್ನು ನೀಗಿದವನು ಜರ್ಮನಿಯ ನ್ಯೂರೆಂಬರ್ಗ್ ಸೀಮೆಯ ಗಡಿಯಾರ ಕುಶಲಕರ್ಮಿ ಸ್ಟೀಫನ್ ಫಾರ್ಫ್ಲರ್. ನಡೆಯಲಾರದ ಆತ 1655ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಬಂಡಿಯೊಂದನ್ನು ತನಗಾಗಿ ಮಾಡಿಕೊಂಡ. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನಿಂಗ್ಸ್ 1933ರ ಹೊತ್ತಿಗೆ ಉಕ್ಕಿನ ಕೊಳವೆಗಳ ಮಡಚುವ ಗಾಲಿಕುರ್ಚಿಯನ್ನು ತಂದರು. ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದವರು, ಜೆನಿಂಗ್ಸ್ ಎಂಜಿನಿಯರ್. ಎರಡನೇ ಮಹಾಯುದ್ಧದ ನಂತರ ಕೆನಡಾದ ಜಾರ್ಜ್ ಕ್ಲೈನ್, ಕೈಕಾಲು ಎರಡೂ ಸೋತ ಯೋಧರಿಗಾಗಿ ವಿದ್ಯುತ್ ಗಾಲಿಕುರ್ಚಿ ರೂಪಿಸಿದರು.

ಈ ಚರಿತ್ರೆಯಲ್ಲಿ ಒಂದು ಸೂಕ್ಷ್ಮವಿದೆ. ಗಣಿಯಲ್ಲಿ ಬೆನ್ನು ಮುರಿದವರ, ಯುದ್ಧದಲ್ಲಿ ಗುಂಡು ತಗುಲಿದವರ ದೇಹಸ್ಥಿತಿ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಇಂದು ಅಳತೆ ತೆಗೆದು ಕೊಟ್ಟ ಕುರ್ಚಿ ಬಹುಮಟ್ಟಿಗೆ ಮುಂದಿನ ವರ್ಷವೂ ಹೊಂದುತ್ತದೆ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಹೋಗುವ ಕಾಯಿಲೆಗಳ ಕಥೆಯೇ ಬೇರೆ. ಮೋಟಾರ್ ನ್ಯೂರಾನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಸ್ನಾಯುಕ್ಷಯ ಈ ಗುಂಪಿಗೆ ಸೇರಿದವು. ಡುಶೆನ್ ಎಂಬ ಬಗೆಯ ಸ್ನಾಯುಕ್ಷಯವಿರುವ ಹುಡುಗರು ಸಾಮಾನ್ಯವಾಗಿ ಹನ್ನೆರಡು ವರ್ಷದ ಆಸುಪಾಸಿನಲ್ಲಿ ನಡಿಗೆ ಕಳೆದುಕೊಳ್ಳುತ್ತಾರೆ. ಮೊದಲು ಕಾಲು, ಆಮೇಲೆ ಕೈ, ಬೆನ್ನು, ಕೊನೆಗೆ ಉಸಿರಾಟ. ಇಲ್ಲಿ ಇಂದಿನ ದೇಹಕ್ಕೆ ಹೊಂದುವ ಕುರ್ಚಿ ಮನೆಗೆ ಬರುವಷ್ಟರಲ್ಲಿ ನಿನ್ನೆಯದಾಗಿರುತ್ತದೆ.

ಇದಕ್ಕೆ ಜಗತ್ತು ಬಲ್ಲ ನಿದರ್ಶನ ಬ್ರಿಟನ್ನಿನ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್. 1963ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಇರುವುದು ಪತ್ತೆಯಾಯಿತು. ಊರುಗೋಲು ಬಂತು, ಗಾಲಿಕುರ್ಚಿಯನ್ನು ಅವರು ಒಪ್ಪಿಕೊಂಡದ್ದು ಅರವತ್ತರ ದಶಕದ ಕೊನೆಯಲ್ಲಿ, ಅದೂ ಒಲ್ಲದ ಮನಸ್ಸಿನಿಂದ. 1974ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ವಿದ್ಯುತ್ ಗಾಲಿಕುರ್ಚಿಯನ್ನು ಮೊದಲ ಬಾರಿಗೆ ಪೂರ್ಣಾವಧಿ ಬಳಸತೊಡಗಿದರು. ಅಲ್ಲಿನ ಕಟ್ಟಡಗಳಿಗೂ ಪಾದಚಾರಿ ಹಾದಿಗಳಿಗೂ ಕುರ್ಚಿ ಸರಾಗವಾಗಿ ಹತ್ತುತ್ತಿತ್ತು. ಮತ್ತೊಬ್ಬರ ಕೈಗೆ ಕಾಯದೆ ಓಡಾಡುವ ಸ್ವಾತಂತ್ರ್ಯ ಸಿಕ್ಕಿತು. 1975ರಲ್ಲಿ ಕೇಂಬ್ರಿಜ್‌ಗೆ ಮರಳಿದಾಗ ಹಳೆಯ ಮನೆಯ ಮೆಟ್ಟಿಲುಗಳು ಇನ್ನು ತಮ್ಮಿಂದಾಗದು ಎಂಬುದು ಅವರಿಗೆ ಸ್ಪಷ್ಟವಾಯಿತು. ಕಾಲೇಜು ನೆಲ ಅಂತಸ್ತಿನ ಮನೆಯೊಂದನ್ನು ಒದಗಿಸಿತು.

1985ರಲ್ಲಿ ನ್ಯುಮೋನಿಯಾ ಬಂದಾಗ ಜೀವ ಉಳಿಸಲು ಗಂಟಲಿಗೆ ರಂಧ್ರ ಮಾಡಬೇಕಾಯಿತು. ಮಾತು ಶಾಶ್ವತವಾಗಿ ಹೋಯಿತು. ಆಗ ನೆರವಿಗೆ ಬಂದದ್ದು ಅಮೆರಿಕದ ವಾಲ್ಟ್ ವೋಲ್ಟೋಸ್ ರೂಪಿಸಿದ್ದ ಕಂಪ್ಯೂಟರ್ ಪ್ರೋಗ್ರಾಂ. ಅದೇ ಕಾಯಿಲೆ ತಗುಲಿದ್ದ ತಮ್ಮ ಅತ್ತೆಗಾಗಿ ಅವರು ಅದನ್ನು ಮೊದಲು ತಯಾರಿಸಿದ್ದರು. ಕೇಂಬ್ರಿಜ್‌ನ ಡೇವಿಡ್ ಮೇಸನ್ ಪುಟ್ಟ ಕಂಪ್ಯೂಟರನ್ನೂ ಧ್ವನಿಯಂತ್ರವನ್ನೂ ಕುರ್ಚಿಗೇ ಜೋಡಿಸಿಕೊಟ್ಟರು. ಮೊದಲು ಕೈಯಲ್ಲಿ ಒತ್ತುವ ಗುಂಡಿ. ಬೆರಳೂ ಸೋತ ಮೇಲೆ ಕೆನ್ನೆಯ ಸ್ನಾಯುವಿನ ಸಣ್ಣ ಅಲುಗಾಟವನ್ನು ಗುರುತಿಸುವ ಸಾಧನ. ಕುರ್ಚಿ ಹೀಗೆ ದೇಹದೊಂದಿಗೆ ಬದಲಾಗುತ್ತಲೇ ಹೋಯಿತು. ಎರಡು ವರ್ಷವಷ್ಟೇ ಆಯುಷ್ಯ ಎಂದು ವೈದ್ಯರು ಹೇಳಿದ್ದ ಹಾಕಿಂಗ್ 2018ರವರೆಗೆ ಬದುಕಿದರು. 2001ರಲ್ಲಿ ಭೌತವಿಜ್ಞಾನ ಸಮ್ಮೇಳನಕ್ಕೆಂದು ಮುಂಬೈಗೂ ಬಂದಿದ್ದರು. ಅವರ ಹಳೆಯ ಗಾಲಿಕುರ್ಚಿಯೊಂದು 2018ರ ಲಂಡನ್ ಹರಾಜಿನಲ್ಲಿ 2,96,750 ಪೌಂಡಿಗೆ ಹೋಯಿತು.

ಹಾಕಿಂಗ್ ಅವರಿಗೆ ಪ್ರಸಿದ್ಧಿಯಿತ್ತು, ವಿಶ್ವವಿದ್ಯಾಲಯದ ಬೆಂಬಲವಿತ್ತು. ಸಾಮಾನ್ಯ ಕುಟುಂಬ ಏನು ಮಾಡಬೇಕು? ಈ ಕ್ಷೇತ್ರದ ತಜ್ಞರು ಹೇಳುವುದು ಒಂದೇ ಮಾತು: ಕಾಯಿಲೆಗಿಂತ ಒಂದು ಹೆಜ್ಜೆ ಮುಂದಿರಬೇಕು. ಅಳತೆ, ಅರ್ಜಿ, ಹಣ, ತಯಾರಿಕೆ ಎಲ್ಲಕ್ಕೂ ತಿಂಗಳುಗಳು ಬೇಕು. ಬಿದ್ದು ಮೂಳೆ ಮುರಿದ ಮೇಲೆ ಕುರ್ಚಿ ಹುಡುಕಲು ಹೊರಟರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ವಿದ್ಯುತ್ ಕುರ್ಚಿ ಕೊಳ್ಳುವಾಗ ಮುಂದೆ ತಲೆಗೆ ಆಸರೆ ಜೋಡಿಸಲು, ಆಸನ ಬಾಗಿಸಲು, ಉಸಿರಾಟದ ಯಂತ್ರ ಇಡಲು ಅವಕಾಶವಿದೆಯೇ, ಕೈಯ ಬದಲು ಗದ್ದದಿಂದಲೋ ಕಣ್ಣಿನಿಂದಲೋ ನಡೆಸುವಂತೆ ಬದಲಿಸಬಹುದೇ ಎಂದು ನೋಡಬೇಕು. ಕೈಯಲ್ಲಿ ಕಸುವಿರುವಾಗಲೇ ಕಲಿಯಬೇಕು, ದನಿ ಇರುವಾಗಲೇ ಧ್ವನಿ ಮುದ್ರಿಸಿಡಬೇಕು. ಬಾಗಿಲ ಅಗಲ, ಹೊಸ್ತಿಲ ಎತ್ತರ, ಬಚ್ಚಲಿನ ತಿರುವು ಇವುಗಳ ಅಳತೆ ಕುರ್ಚಿಗೆ ಮೊದಲೇ ಆಗಬೇಕು.

ಆದರೆ ಮನಸ್ಸು ಇದಕ್ಕೆ ಒಪ್ಪುವುದು ಸುಲಭವಲ್ಲ. ನಡೆಯುತ್ತಿರುವ ಮಗನಿಗೆ ಗಾಲಿಕುರ್ಚಿಯ ಮಾತೆತ್ತುವುದು ಅಪಶಕುನವೆಂದು ತಾಯಿಗೆ ಅನಿಸಬಹುದು. ಕುರ್ಚಿ ಹತ್ತಿದರೆ ಸೋತಂತೆ ಎಂಬ ಭಾವನೆ ರೋಗಿಗೂ ಇರುತ್ತದೆ. ಆದರೆ ನಡೆಯುವುದಕ್ಕೇ ಎಲ್ಲ ಶಕ್ತಿ ಖರ್ಚಾಗಿ ಶಾಲೆ, ಕೆಲಸ, ಮದುವೆಮನೆ ಎಲ್ಲ ತಪ್ಪಿಹೋಗುವಾಗ, ಉಳಿದ ಶಕ್ತಿಯನ್ನು ಬೇಕಾದ ಕಡೆಗೆ ತಿರುಗಿಸಲು ಕುರ್ಚಿಯೇ ನೆರವಾಗುತ್ತದೆ.

ಈ ತಿಳಿವಳಿಕೆಗೆ ರೂಪ ಕೊಟ್ಟ ಸಭೆಯೊಂದು ನಡೆದದ್ದು ಕರ್ನಾಟಕದಲ್ಲಿಯೇ ಎಂಬುದು ಗಮನಾರ್ಹ. 2006ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ದೇಶಗಳ ಗಾಲಿಕುರ್ಚಿಗಳ ಬಗ್ಗೆ ಸಮಾವೇಶ ನಡೆಸಿದವು. ಅದರ ಬೆನ್ನಲ್ಲೇ 2008ರಲ್ಲಿ ಮಾರ್ಗಸೂಚಿ ಹೊರಬಂತು. ಗಾಲಿಕುರ್ಚಿ ಒದಗಿಸುವ ಕೆಲಸವನ್ನು ಅದು ಎಂಟು ಹಂತಗಳಾಗಿ ವಿಂಗಡಿಸಿತು. ಪರೀಕ್ಷೆ, ಶಿಫಾರಸು, ಜೋಡಣೆ, ತರಬೇತಿ ಮೊದಲಾದವು ಮುಗಿದ ಮೇಲೆ ಬರುವ ಕೊನೆಯ ಹಂತವೇ ಮರುಭೇಟಿ ಮತ್ತು ದುರಸ್ತಿ. ಇಳಿಯುತ್ತಾ ಹೋಗುವ ಕಾಯಿಲೆಯವರಿಗೆ ಈ ಎಂಟನೆಯದೇ ಮುಖ್ಯ.

ಭಾರತದಲ್ಲಿ ಸಾಧನಗಳ ತಯಾರಿಕೆಗೆಂದು ಕಾನ್ಪುರದ ಅಲಿಮ್ಕೋ 1972ರಲ್ಲಿ ಹುಟ್ಟಿತು. ಸಾಧನ ಕೊಳ್ಳಲು ನೆರವು ನೀಡುವ ಕೇಂದ್ರದ ಅಡಿಪ್ ಯೋಜನೆ 1981ರಲ್ಲಿ ಬಂತು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಸ್ನಾಯುಕ್ಷಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಕಾಯಿಲೆಗಳನ್ನು ಹೆಸರಿಸಿ ಸೇರಿಸಿತು. 2017ರ ನಿಯಮಗಳ ಪ್ರಮಾಣಪತ್ರ ನಮೂನೆಯಲ್ಲಿ, ಸ್ಥಿತಿ ಮುಂದುವರಿಯುವಂಥದೇ ಅಲ್ಲವೇ ಎಂದು ವೈದ್ಯರು ಗುರುತು ಹಾಕುವ ಜಾಗವಿದೆ. ‘ಮುಂದುವರಿಯುವಂಥದು’ ಎಂದು ಗುರುತು ಬಿದ್ದ ದಿನವೇ ಮುಂದಿನ ಕುರ್ಚಿಯ ಮಾತು ಆರಂಭವಾದರೆ, ಆ ಒಂದು ಗೆರೆಗೆ ಅರ್ಥ ಬರುತ್ತದೆ.